ಆರುನೂರು ಗಜದ ಗುಂಡು

ಗ್ಯಾರೇಜಿನ ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಡೆಲ್ಮರ್ ಎರಡು ಸಲ ನಿಂತ. ಆರ್ಡಿಸ್ ತಲೆ ಎತ್ತಲಿಲ್ಲ. ಅಣ್ಣ ಉಸಿರು ಸುಧಾರಿಸಿಕೊಳ್ಳುವಾಗ ಅವನ ಕಡೆ ನೋಡಬಾರದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಎದೆ ಕೆಟ್ಟ ಈ ನಾಲ್ಕು ವರ್ಷದಲ್ಲಿ ತಾನಾಗಿ ಬಂದ ಮರ್ಯಾದೆ ಅದು. ತಕ್ಕಡಿಯ ಪುಟ್ಟ ತಟ್ಟೆಯಲ್ಲಿ ಕರಿ ಎಳ್ಳಿನಂತೆ ಬಿದ್ದಿದ್ದ ಕೋವಿಮದ್ದಿನ ಮೇಲೆ ಕಣ್ಣಿಟ್ಟು ಕಾದಳು.

"ಪೋಸ್ಟಾಫೀಸು ತೆಗ್ದಿದ್ಯಾ, ಊಟಕ್ಕೆ ಮುಚ್ಚಿದ್ಯಾ?" ಉಸಿರು ಸಿಕ್ಕಿದ ಮೇಲೆ ಡೆಲ್ಮರ್ ಕೇಳಿದ.

"ನಿನ್ನಂಥ ಗಿರಾಕಿ ಬಂದಾಗ ಮುಚ್ಚಿರ್ತೀವಿ. ಬಾಗ್ಲು ಹಾಕ್ಕೊಂಡ್ ಬಾ, ಗಾಳಿಗೆ ತಕ್ಕಡಿ ನಿಲ್ತಾ ಇಲ್ಲ."

ಊರಿನ ಅಂಚೆ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಪಾರ್ಸೆಲ್ ತೂಗಿ ನಿವೃತ್ತಳಾದ ಆರ್ಡಿಸ್, ಈಗ ಮನೆಯ ಗ್ಯಾರೇಜಿನಲ್ಲಿ ಮದ್ದು ತೂಗುತ್ತಿದ್ದಳು. ಹಾರಿಸಿ ಖಾಲಿಯಾದ ಹಿತ್ತಾಳೆ ತೋಟಾಗಳನ್ನು ತೊಳೆದು, ಹಿಂಬದಿಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಒಂದು ಕಾಳೂ ಹೆಚ್ಚುಕಮ್ಮಿಯಾಗದಂತೆ ಮದ್ದು ಸುರಿದು, ಬಾಯಿಗೆ ಗುಂಡು ಒತ್ತುವ ಈ ಕೆಲಸವನ್ನು ಅವಳಿಗೆ ಕಲಿಸಿದವನು ಅಪ್ಪ. ಡೆಲ್ಮರನಿಗೂ ಕಲಿಸಲು ನೋಡಿದ್ದ. ಕೂತಲ್ಲಿ ಕೂರುವ ಹುಡುಗನಾಗಿರಲಿಲ್ಲ ಅವನು. ಹಾಗಾಗಿ ನಲವತ್ತು ವರ್ಷದಿಂದ ತಂಗಿ ತೋಟಾ ಕಟ್ಟುತ್ತಿದ್ದಳು, ಹೆಚ್ಚಾಗಿ ಅಣ್ಣನೇ ಹಾರಿಸುತ್ತಿದ್ದ. ಚಳಿಗಾಲಕ್ಕೆ ಬೇಕಾದ ಮಾಂಸ ಇಬ್ಬರ ಮನೆಗೂ ಹಾಗೇ ಬರುತ್ತಿತ್ತು.

ಡೆಲ್ಮರ್ ಕಂಕುಳಲ್ಲಿದ್ದ ಉದ್ದನೆಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆರೆದ. ಒಳಗೆ ಹೊಸ ರೈಫಲ್. ಅದರ ಬೆನ್ನ ಮೇಲೆ ತೋಳಿನಷ್ಟು ದಪ್ಪದ ದುರ್ಬೀನು.

"ಇದೇನೋ ಇದು? ಜಿಂಕೆ ಹೊಡಿಯಕ್ಕೋ, ಚಂದ್ರನ್ನ ನೋಡಕ್ಕೋ?"

"ಎರಡಕ್ಕೂ ಆಗತ್ತೆ. ಇದಕ್ಕೆ ತೋಟಾ ಮಾಡ್ಕೊಡು ಆರ್ಡಿ. ಆರುನೂರು ಗಜಕ್ಕೆ."

ಆರ್ಡಿಸ್ ಮದ್ದಿನ ಚಮಚ ಕೆಳಗಿಟ್ಟಳು. "ಆರುನೂರು ಅನ್ನೋದು ದೂರದ ಲೆಕ್ಕ. ಹತ್ರ ಅಂದ್ರೆ ಎಷ್ಟರಿಂದ ಹೊಡೀತೀಯ?"

"ಅದೇ, ಆರುನೂರು."

"ಹತ್ರ ಅಂದ್ರೆ ಅಂತ ಕೇಳಿದ್ದು."

"ಕಿವಿ ನಂದು ಕೆಟ್ಟಿಲ್ಲ ಮಾರಾಯ್ತಿ. ಆರುನೂರು ಅಂದೆ."

ಅವಳು ಎದ್ದು ಕಪಾಟಿನಿಂದ ಮೂರು ಡಬ್ಬಿ ತಂದು ಅವನ ಮುಂದಿಟ್ಟಳು. ಒಂದೊಂದರಿಂದ ಒಂದೊಂದು ಗುಂಡು ತೆಗೆದು ಮೇಜಿನ ಮೇಲೆ ನಿಲ್ಲಿಸಿದಳು.

"ನೋಡು. ಈ ಉದ್ದ ಮೂಗಿಂದು ಪಂದ್ಯದ ಗುಂಡು, ಕಾಗದಕ್ಕೆ ಹೊಡಿಯೋದು. ಸಾವಿರ ಗಜಕ್ಕೂ ಗೆರೆ ಎಳೆದಂಗೆ ಹೋಗತ್ತೆ. ಆದ್ರೆ ಒಳಗ್ ಹೋದ್ಮೇಲೆ ಅರಳತ್ತೋ ಇಲ್ವೋ ಅದರ ಮರ್ಜಿ. ಅರಳ್ಲಿಲ್ಲ ಅಂದ್ರೆ ದಬ್ಬಳ ಚುಚ್ಚಿದಂಗೆ ಈ ಕಡೆಯಿಂದ ಆ ಕಡೆಗೆ ಹೋಗ್ಬಿಡತ್ತೆ. ಜಿಂಕೆ ಎರಡು ದಿಬ್ಬ ದಾಟಿ ನಾಳೆ ಸಾಯತ್ತೆ."

"ಬೇಡ. ಮುಂದಿಂದು ಹೇಳು."

"ಇದು ಪೂರಾ ತಾಮ್ರ. ಮೂಳೆ ಮುರ್ಕೊಂಡು ಒಳಗ್ ಹೋಗತ್ತೆ. ಆದ್ರೆ ವೇಗ ಇದ್ರೆ ಮಾತ್ರ. ನಾನೂರು ಗಜ ದಾಟ್ತಾ ಇದ್ದಂಗೆ ಸುಸ್ತಾಗತ್ತೆ."

"ನನ್ ತರ."

ಆರ್ಡಿಸ್ ಕೇಳಿಸದವಳಂತೆ ಮೂರನೆಯದನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದಳು. "ಇದು ತೆಳು ಕವಚದ ಸೀಸ. ನಿಧಾನಕ್ಕೆ ಹೋಗಿ ಬಡಿದ್ರೂ ಅರಳತ್ತೆ, ಆರುನೂರಕ್ಕೆ ಇದೇ ಸರಿ. ಆದ್ರೆ ನೂರು ಗಜದಿಂದ ಭುಜದ ಮೂಳೆಗೆ ಹೊಡೆದೆ ಅಂದ್ಕೋ, ಚರ್ಮದ ಕೆಳಗೇ ಪುಡಿಪುಡಿ. ಮೇಲೆ ದೊಡ್ಡ ಗಾಯ, ಒಳಗೆ ಏನೂ ಇಲ್ಲ. ಅದಕ್ಕೇ ಕೇಳ್ತಾ ಇರೋದು. ಎಲ್ಲಾ ದೂರಕ್ಕೂ ಆಗೋ ಗುಂಡು ಇನ್ನೂ ಯಾರೂ ಮಾಡಿಲ್ಲ. ನೀನು ನಿಜವಾಗ್ಲೂ ಎಲ್ಲಿಂದ ಹೊಡೀತೀಯ ಅಂತ ಹೇಳಿದ್ರೆ, ಆರಿಸೋದು ಐದು ನಿಮಿಷದ ಕೆಲ್ಸ."

ಡೆಲ್ಮರ್ ಮೂರು ಗುಂಡುಗಳನ್ನೂ ನೋಡುತ್ತ ಕೂತ. ಜೇಡಿಮಣ್ಣು ಅರೆಯುವ ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದವನು. ಗಿರಣಿ ಮುಚ್ಚಿ ಹೋಗಿತ್ತು, ಧೂಳು ಮಾತ್ರ ಎದೆಯೊಳಗೆ ಕೆಲಸ ಮುಂದುವರಿಸಿತ್ತು. "ಅದಕ್ಕಿಂತ ಹತ್ರ ನಾನ್ ಹೋಗಲ್ಲ," ಎಂದ. ಹೋಗಲು ಆಗುವುದಿಲ್ಲ ಎನ್ನಲಿಲ್ಲ.

ಕಾಲು ನಡೆಯುವುದಿಲ್ಲ ಎಂದು ಹೇಳಲು ನಾಚಿಕೆ ಎಂದುಕೊಂಡಳು ಆರ್ಡಿಸ್. ಕತ್ತೆಕಿವಿಯ ಜಿಂಕೆಗಳು ಇರುವುದು ಒಣ ಕೊರಕಲುಗಳ ಆಚೆ, ಏರು ಇಳಿದು ಏರಿದ ಮೇಲೆ. ನಡೆಯಲಾರದವನು ದೂರದಿಂದ ಹೊಡೆಯಬೇಕು, ಇಲ್ಲ ಮನೆಯಲ್ಲಿರಬೇಕು. ಆದರೆ ಅವಳಿಗೆ ಹೋದ ವರ್ಷದ್ದು ಮರೆತಿರಲಿಲ್ಲ.

ಹೋದ ವರ್ಷ ಡೆಲ್ಮರ್ ಹಳೆಯ ರೈಫಲಿನಿಂದ ನಾನೂರೈವತ್ತು ಗಜಕ್ಕೆ ಈಡು ಹೊಡೆದಿದ್ದ. ಗುಂಡು ಎದೆಗೆ ಬೀಳದೆ ಹೊಟ್ಟೆಗೆ ಬಿದ್ದಿತ್ತು. ಆ ಸಂಜೆ, ಮರುದಿನ, ಅದರ ಮರುದಿನ ಇಬ್ಬರೂ ಹುಡುಕಿದರು. ಡೆಲ್ಮರ್ ನೂರು ಹೆಜ್ಜೆಗೊಮ್ಮೆ ಕೂರುತ್ತಿದ್ದ, ಆದರೂ ಮನೆಗೆ ಹೋಗು ಎಂದರೆ ಕೇಳಲಿಲ್ಲ. ಮೂರನೆಯ ದಿನ ಕೊರಕಲಿನ ತಳದಲ್ಲಿ ಹಕ್ಕಿಗಳ ಗದ್ದಲ ಕೇಳಿ ಆರ್ಡಿಸ್ ಇಳಿದು ನೋಡಿದಳು. ತೋಳಗಳ ಜಾತಿಯ ಸಣ್ಣ ನರಿಗಳು ಅರ್ಧ ತಿಂದಿದ್ದವು. ಉಳಿದದ್ದು ಮನುಷ್ಯರಿಗೆ ಆಗುವಂಥದ್ದಾಗಿರಲಿಲ್ಲ. ಮೇಲೆ ನಿಂತಿದ್ದ ಅಣ್ಣನಿಗೆ ಹೇಳಿದಾಗ ಅವನು ಕಿಸೆಯಿಂದ ತನ್ನ ಬೇಟೆಯ ಚೀಟಿ ತೆಗೆದು, ತಾರೀಖು ಕತ್ತರಿಸಿ, "ಅದರ ಕೊಂಬಿಗೆ ಕಟ್ಟು. ನಾನ್ ಕೊಂದಿದ್ದೇ ಅದು," ಎಂದ. ಒಬ್ಬರಿಗೆ ವರ್ಷಕ್ಕೆ ಒಂದೇ ಚೀಟಿ, ಅದನ್ನು ಕಟ್ಟಿದರೆ ಅವನ ಬೇಟೆ ಮುಗಿಯಿತು. ಯಾರೂ ನೋಡುತ್ತಿರಲಿಲ್ಲ. ಆ ಚಳಿಗಾಲ ಇಬ್ಬರೂ ಅಂಗಡಿಯ ದನದ ಮಾಂಸ ತಿಂದರು.

ಇನ್ನೊಂದು ಸಲ ಹಾಗಾದರೆ ಅವನು ತಡೆದುಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬೇಟೆಗೇ ಹೋಗಬೇಡ ಎಂದರೂ ತಡೆದುಕೊಳ್ಳುವುದಿಲ್ಲ. ಮೂರನೆಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು.

ಅವರಿದ್ದ ಮೊಂಟಾನಾದಲ್ಲಿ ಬೇಟೆಯ ಕಾಲ ಐದು ವಾರ. ಮೊದಲ ವಾರ ಹೊಸ ರೈಫಲಿಗೆ ಒಪ್ಪುವ ಮದ್ದಿನ ತೂಕ ಹುಡುಕುವುದರಲ್ಲೇ ಕಳೆಯಿತು. ಪ್ರತಿ ರೈಫಲಿಗೂ ಅದರದೇ ನಾಲಿಗೆ. ಒಂದಕ್ಕೆ ರುಚಿಸಿದ್ದು ಇನ್ನೊಂದಕ್ಕೆ ರುಚಿಸದು. ಆರ್ಡಿಸ್ ದಿನಕ್ಕೆ ಐದೈದು ತೋಟಾ ಕಟ್ಟಿ, ಊರಾಚೆಯ ಜಲ್ಲಿ ಗುಂಡಿಗೆ ಹೋಗಿ, ಮೇಜಿನ ಮೇಲೆ ಮರಳು ಚೀಲಕ್ಕೆ ರೈಫಲ್ ಒರಗಿಸಿ, ಉಸಿರು ಹಿಡಿದು ಹಾರಿಸಿ ನೋಡಿದಳು. ಶುಕ್ರವಾರದ ಹೊತ್ತಿಗೆ ಹತ್ತಿರದ ಕಾಗದದಲ್ಲಿ ಮೂರು ಗುಂಡು ಒಂದೇ ತೂತಾಗಿ ಹೋದವು. ದೂರದ ಹಲಗೆಯಲ್ಲೂ ಅಂಗೈ ಮುಚ್ಚುವಷ್ಟರೊಳಗೇ ಬಿದ್ದವು.

ಆಮೇಲೆ ಅವಳು ಮಾಡಿದ್ದು ಎಲ್ಲ ತೋಟಾ ಕಟ್ಟುವವರೂ ಮಾಡುವ ಕೆಲಸ. ತೂತು ಬಿದ್ದ ಗುರಿಕಾಗದವನ್ನು ಮಡಚಿ, ತೋಟಾದ ಪೆಟ್ಟಿಗೆಯೊಳಗಿಟ್ಟು ಅಣ್ಣನಿಗೆ ಕೊಟ್ಟಳು. ಇದು ನನ್ನ ಕೈಕೆಲಸ, ಇಷ್ಟು ನಂಬಬಹುದು ಎಂದು ಹೇಳುವ ರೀತಿ ಅದು. ತಾನು ಅದರ ಜೊತೆಗೆ ಇನ್ನೇನನ್ನು ಕೊಡುತ್ತಿದ್ದೇನೆಂದು ಆಗ ಹೊಳೆಯಲಿಲ್ಲ. ಡೆಲ್ಮರ್ ಆ ಕಾಗದವನ್ನು ಕಾಫಿ ಅಂಗಡಿಯಲ್ಲಿ ನಾಲ್ಕು ಜನಕ್ಕೆ ತೋರಿಸಿದ. ಆರುನೂರು ಗಜ ಈಗ ಅವನದಾಗಿತ್ತು.

ಎರಡನೆಯ ವಾರದ ಶನಿವಾರ ಅವನು ಜಲ್ಲಿ ಗುಂಡಿಯಲ್ಲಿ ಬೋರಲು ಮಲಗಿ ಐದು ಈಡು ಹೊಡೆದ. ಜಿಂಕೆಯ ಎದೆಯಷ್ಟು ಅಗಲದ ಊಟದ ತಟ್ಟೆಯೊಂದನ್ನು ಆರ್ಡಿಸ್ ಹಲಗೆಗೆ ಮೊಳೆ ಹೊಡೆದು ಬಂದಿದ್ದಳು. ತಟ್ಟೆಗೆ ತಾಗಿದ್ದು ಒಂದೇ.

"ಗುಂಡು ಹಗುರ ಕಣೇ. ಗಾಳಿ ಹೊತ್ಕೊಂಡ್ ಹೋಗ್ತಿದೆ."

ಗಾಳಿ ಇರಲಿಲ್ಲ. ಆರ್ಡಿಸ್ ಮನೆಗೆ ಹೋಗಿ ಭಾರದ ಗುಂಡು ಕೂರಿಸಿದಳು. ಮೂರನೆಯ ವಾರ ಐದರಲ್ಲಿ ಎರಡು ತಾಗಿದವು. ಮಿಕ್ಕಿದ್ದು ಹಲಗೆಯ ಮೇಲೆ ಕೆಳಗೆ ಎಲ್ಲೆಲ್ಲೋ. ಮದ್ದು ಜಾಸ್ತಿಯಾಗಿ ಒದೆಯುತ್ತಿದೆ ಎಂದ. ಮದ್ದು ಇಳಿಸಿದಳು. ಕೇಪು ಸರಿಯಿಲ್ಲ ಎಂದ. ಬೇರೆ ಕೇಪು ತಂದಳು. ದಿನವೂ ಗ್ಯಾರೇಜಿನ ಹೀಟರಿನ ಮುಂದೆ ಕೂತು, ಯಂತ್ರದ ಹಿಡಿ ಎಳೆದು ಒತ್ತಿ ಎಳೆದು ಒತ್ತಿ, ಅವಳ ಬಲ ಮಣಿಕಟ್ಟು ಊದಿಕೊಂಡಿತು. ಊಟಕ್ಕೆ ಕೂತರೆ ಚಮಚ ಹಿಡಿಯಲು ಬೇಸರ. ಕೋಪವೂ ಬರುತ್ತಿರಲಿಲ್ಲ. ಕೋಪಕ್ಕೂ ಸ್ವಲ್ಪ ಶಕ್ತಿ ಬೇಕು.

ನಾಲ್ಕನೆಯ ಶನಿವಾರ ಅವಳು ಹಲಗೆಯ ಕಡೆ ನೋಡಲಿಲ್ಲ. ಅಣ್ಣನ ಪಕ್ಕದಲ್ಲೇ ಮಲಗಿ ನಳಿಗೆಯ ತುದಿಯನ್ನು ನೋಡಿದಳು. ಅದು ಏಳುತ್ತಿತ್ತು, ಇಳಿಯುತ್ತಿತ್ತು. ಅಕ್ಕಿಕಾಳಿನ ದಪ್ಪದಷ್ಟೇ. ಇಲ್ಲಿ ಒಂದು ಅಕ್ಕಿಕಾಳು ಎಂದರೆ ಅಲ್ಲಿ ಆರುನೂರು ಗಜದಾಚೆ ಒಂದು ಬಾಗಿಲಿನ ಅಗಲ. ಬೋರಲು ಮಲಗಿದರೆ ಅವನ ಎದೆಗೆ ಗಾಳಿ ಸಾಲುತ್ತಿರಲಿಲ್ಲ. ಉಸಿರು ಹಿಡಿದರೆ ಎರಡು ಎಣಿಸುವಷ್ಟರಲ್ಲಿ ಕುತ್ತಿಗೆಯ ನರ ಉಬ್ಬುತ್ತಿತ್ತು. ಪೆಟ್ಟಿಗೆಯಲ್ಲಿ ತಾನು ಇಟ್ಟುಕೊಟ್ಟ ಕಾಗದ ಅವಳಿಗೆ ನೆನಪಾಯಿತು. ಆ ಒಂದೇ ತೂತು ಬಿದ್ದದ್ದು ಅವಳ ಹೆಗಲಿನಿಂದ, ಅವಳ ಉಸಿರಿನಿಂದ. ಅದನ್ನು ಅವನ ಹೆಸರಿಗೆ ಬರೆದುಕೊಟ್ಟಿದ್ದಳು.

ಹೇಳಬೇಕಾದ ಮಾತು ಅವಳ ಬಾಯಿಯ ತನಕ ಬಂತು.

"ಮದ್ದು ಅರ್ಧ ಗ್ರೇನ್ ತೂಕ ಇಳಿಸಿದ್ರೆ?" ಡೆಲ್ಮರ್ ಕೇಳಿದ, ಕೆನ್ನೆಯನ್ನು ರೈಫಲಿನಿಂದ ಎತ್ತದೆ.

"ಇಳಿಸಿ ನೋಡೋಣ," ಎಂದಳು ಆರ್ಡಿಸ್.

ಐದನೆಯ ವಾರ ಗುರುವಾರ ಟರ್ಕಿ ಕೋಳಿ ಸುಡುವ ಹಬ್ಬ ಬಂದು ಹೋಯಿತು. ಬೇಟೆಗೆ ಉಳಿದದ್ದು ಶನಿವಾರ, ಭಾನುವಾರ ಎರಡೇ ದಿನ. ಶನಿವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಬೇಟೆಗಾರರ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು, ಉಳಿದ ಟರ್ಕಿ ಕೋಳಿಯ ಸ್ಯಾಂಡ್‌ವಿಚ್ ಕಟ್ಟಿಕೊಂಡು, ಹೌಗೆನ್ ಎಂಬುವವನ ಹುಲ್ಲುಗಾವಲಿಗೆ ಹೊರಟರು. ಗೇಟಿನ ಹತ್ತಿರ ಹೌಗೆನ್ ದನಗಳಿಗೆ ಹುಲ್ಲು ಹಾಕುತ್ತಿದ್ದ.

"ಏನ್ ಡೆಲ್ಮರ್, ಈ ವರ್ಷ ಒಂದೂ ಬಿದ್ದಿಲ್ವಂತೆ? ನನ್ ಜಿಂಕೆಗಳು ನಿನ್ ಹೆಸರಲ್ಲಿ ಹಬ್ಬ ಮಾಡಿದ್ವಪ್ಪ."

"ನಿನ್ ಹುಲ್ಲು ತಿಂದೂ ತಿಂದೂ ಅವಕ್ಕೆ ಬದುಕೋ ಆಸೆನೇ ಹೋಗಿದೆ ಹೌಗೆನ್. ಇವತ್ತು ತಾವೇ ಬಂದು ನಿಲ್ತವೆ, ನೋಡ್ತಿರು."

"ಗೇಟ್ ಹಾಕ್ಕೊಂಡ್ ಹೋಗಿ. ಆರ್ಡಿಸ್, ಇವನ ಬಾಯಿಗೂ ಒಂದು ಗೇಟ್ ಹಾಕ್ಸು."

ಗಾಡಿ ನಿಲ್ಲಿಸಿದಲ್ಲಿಂದ ದಿಬ್ಬದ ನೆತ್ತಿಗೆ ನೂರಿಪ್ಪತ್ತು ಗಜ. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಆರ್ಡಿಸ್ ರೈಫಲ್ ಹೊತ್ತು, ಷೂ ಲೇಸು ಕಟ್ಟುವ ನೆಪ ಹೂಡಿ, ಕೈಗವಸು ಬೀಳಿಸಿ, ದೂರದ ಹದ್ದು ನೋಡಿ, ಹಾದಿಯುದ್ದಕ್ಕೂ ನಿಂತು ನಿಂತು ನಡೆದಳು. ನೆತ್ತಿಯ ಮೇಲೆ ಕುಳ್ಳ ಜುನಿಪರ್ ಗಿಡದ ಬುಡದಲ್ಲಿ ಮಲಗಿದರು. ಹಿಮ ತೆಳ್ಳಗೆ, ಹಿಟ್ಟು ಜರಡಿ ಹಿಡಿದಂತೆ ಬಿದ್ದಿತ್ತು. ಡೆಲ್ಮರ್ ಬಾಯಿಯನ್ನು ತೋಳಿಗೆ ಒತ್ತಿಕೊಂಡು ಎರಡು ಮೂರು ಸಲ ಒಳಗೊಳಗೇ ಕೆಮ್ಮಿದ. ಆಮೇಲೆ ಎಲ್ಲ ಸ್ತಬ್ಧವಾಯಿತು.

ಒಂಬತ್ತೂವರೆಗೆ ಎದುರಿನ ಇಳಿಜಾರಿನಲ್ಲಿ ಒಂದು ಗಂಡು ಕಾಣಿಸಿಕೊಂಡಿತು. ಅಗಲ ಕೊಂಬು, ದಪ್ಪ ಕುತ್ತಿಗೆ. ಮಗ್ಗುಲು ತಿರುಗಿಸಿ ನಿಂತು ಹುಲ್ಲು ಕೆದಕುತ್ತಿತ್ತು.

"ಎಷ್ಟು?" ಡೆಲ್ಮರ್ ಪಿಸುಗುಟ್ಟಿದ.

ದೂರ ಅಳೆಯುವ ಯಂತ್ರ ಆರ್ಡಿಸಳ ಕಣ್ಣಿನಲ್ಲಿತ್ತು. ಅದು ತೋರಿಸಿದ್ದು ಐನೂರ ಎಂಬತ್ತೆರಡು. ಅವಳು ಹೇಳುವ ಅಂಕಿಯನ್ನು ಅವನು ರೈಫಲಿಗೆ ಅಂಟಿಸಿದ ಪಟ್ಟಿಯಲ್ಲಿ ನೋಡಿ, ದುರ್ಬೀನಿನ ತಿರುಪನ್ನು ಅಷ್ಟು ಮನೆ ತಿರುಗಿಸಬೇಕು. ತಿರುಪು ಎಷ್ಟಕ್ಕೋ ಗುಂಡು ಅಷ್ಟಕ್ಕೆ. ಅವಳು ಯಂತ್ರದಿಂದ ಕಣ್ಣು ಸರಿಸಿ ನಳಿಗೆಯ ತುದಿ ನೋಡಿದಳು. ಏಳುತ್ತಿತ್ತು, ಇಳಿಯುತ್ತಿತ್ತು. ಮೆಟ್ಟಿಲಲ್ಲ, ದಿಬ್ಬ ಹತ್ತಿ ಬಂದ ಎದೆ. ಜಲ್ಲಿ ಗುಂಡಿಯಲ್ಲಿದ್ದುದಕ್ಕಿಂತ ಜಾಸ್ತಿಯೇ.

ಎದೆಗೆ ಬಿದ್ದರೆ ಬಿತ್ತು. ಇಲ್ಲದಿದ್ದರೆ ಹೊಟ್ಟೆ, ಇಲ್ಲ ತೊಡೆ, ಇಲ್ಲ ದವಡೆ. ಆಮೇಲೆ ಮೂರು ದಿನದ ಕೊರಕಲು. ಈ ಸಲ ಕಟ್ಟಲು ಚೀಟಿ ತೆಗೆಯುವಾಗ ಅವನ ಕೈ ಹೇಗಿರಬಹುದೆಂದು ಅವಳು ನೋಡಲು ಸಿದ್ಧಳಿರಲಿಲ್ಲ.

"ಏಳುನೂರ ಎಂಬತ್ತು," ಎಂದಳು.

ಲೆಕ್ಕ ಅವಳ ತಲೆಯಲ್ಲಿ ಅದಾಗಲೇ ಮುಗಿದಿತ್ತು. ಏಳುನೂರ ಎಂಬತ್ತಕ್ಕೆ ತಿರುಗಿಸಿದರೆ ಗುಂಡು ಮೂರಡಿ ಮೇಲೆ ಹೋಗುತ್ತದೆ. ಅವನ ಉಸಿರು ಎಷ್ಟೇ ಕೆಳಗೆಳೆದರೂ ಬೆನ್ನಿನ ಕೂದಲಿಗೂ ತಾಗದು.

ಡೆಲ್ಮರ್ ತಿರುಪಿಗೆ ಕೈ ಹಾಕಿದ. ಕಟಕಟ ಎಂದು ನಾಲ್ಕಾರು ಮನೆ ತಿರುಗಿಸಿ ನಿಲ್ಲಿಸಿದ. ತಲೆ ಎತ್ತಿ ಬರಿಗಣ್ಣಿನಲ್ಲಿ ಎದುರಿನ ಇಳಿಜಾರನ್ನು, ಅದರ ಕೆಳಗೆ ಹೋದ ಬೇಲಿಯನ್ನು ನೋಡಿದ. ಆಮೇಲೆ ಮತ್ತೆ ತಿರುಗಿಸತೊಡಗಿದ. ಪ್ರತಿ ಕಟಕಟವೂ ಆರ್ಡಿಸಳ ಹಲ್ಲಿನೊಳಗೆ ಕೇಳಿಸಿತು.

ಈಡು ಹಾರಿತು. ಜಿಂಕೆಯ ಬೆನ್ನಿನ ಮೇಲ್ಗಡೆ, ಹಿಂದಿನ ಮಣ್ಣಿನಲ್ಲಿ ಒಂದು ಹಿಡಿ ಧೂಳು ಎದ್ದಿತು. ಆರ್ಡಿಸ್ ಕಣ್ಣು ಮುಚ್ಚಿದಳು. ಮುಗಿಯಿತು. ಈಗ ಅದು ಓಡಿ ಹೋಗುತ್ತದೆ, ಅವನು ಬೈಯುತ್ತಾನೆ, ಮನೆಗೆ ಹೋಗಿ ಮಲಗಬಹುದು.

ಜಿಂಕೆ ಓಡಿತು, ಆದರೆ ಈ ಕಡೆಗೆ. ಅಷ್ಟು ದೂರದಲ್ಲಿ ಅದಕ್ಕೆ ರೈಫಲಿನ ಸದ್ದು ಎಲ್ಲಿಂದಲೋ ಬಂದಂತೆ. ಗುಂಡು ಬಡಿದ ಸದ್ದು ಮಾತ್ರ ಬೆನ್ನ ಹಿಂದೆಯೇ. ಬೆನ್ನ ಹಿಂದಿನ ಅಪಾಯದಿಂದ ತಪ್ಪಿಸಿಕೊಂಡು ಅದು ಕೊರಕಲು ಇಳಿಯಿತು, ಬೇಲಿ ಹಾರಿತು, ನೇರ ಇವರ ದಿಬ್ಬದ ಬುಡಕ್ಕೆ ಬಂದು ನಿಂತು ಹಿಂದಕ್ಕೆ ತಿರುಗಿ ನೋಡಿತು. ಇನ್ನೂರು ಗಜ. ಅದಕ್ಕಿಂತ ಕಡಿಮೆಯೇ ಇರಬಹುದು. ಮಗ್ಗುಲು ಪೂರ್ತಿ ಬಿಟ್ಟುಕೊಟ್ಟಿತ್ತು. ಮೂಗಿನಿಂದ ಹೊರಡುವ ಹಬೆ ಕಾಣುತ್ತಿತ್ತು.

ಇಷ್ಟು ಹತ್ತಿರಕ್ಕೆ ಅಕ್ಕಿಕಾಳು ಲೆಕ್ಕಕ್ಕಿಲ್ಲ. ಡೆಲ್ಮರನೂ ತಪ್ಪಲಾರ. ಆದರೆ ತಿರುಪು ಏಳುನೂರ ಎಂಬತ್ತರಲ್ಲಿತ್ತು.

"ತಿರುಪು ಹಿಂದಕ್ಕೆ," ಅವಳು ಪಿಸುಗುಟ್ಟಿದಳು. "ಡೆಲ್, ಪೂರ್ತಿ ಹಿಂದಕ್ಕೆ. ಭುಜ ಬಿಡು, ಪಕ್ಕೆಗೆ ಹಿಡಿ."

ಅವನು ಅಲ್ಲಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ತಿರುಗಿ ನೋಡಿದಳು. ಅವನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಬಾಯಿಯನ್ನು ತೋಳಿನೊಳಗೆ ಹೂತಿದ್ದ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಭುಜ ಒಳಗಿಂದೊಳಗೇ ಬಡಿದುಕೊಳ್ಳುತ್ತಿತ್ತು. ಅವಳು ಕೈ ಚಾಚಿ ತಾನೇ ತಿರುಪನ್ನು ಹಿಂದಕ್ಕೆ ಸುತ್ತಿದಳು. ಸೊನ್ನೆಗೆ ಬಂತು. ಹೊಸ ತೋಟಾ ತಾನೇ ಒಳಗೆ ದೂಡಿದಳು. ಇನ್ನು ಬೆರಳು ಆಡಿಸುವುದಷ್ಟೇ.

ಆಗ ಕೆಮ್ಮು ಒಡೆಯಿತು.

ಮೊದಲನೆಯದಕ್ಕೆ ಜಿಂಕೆಯ ಎರಡೂ ಕಿವಿ ಈ ಕಡೆ ತಿರುಗಿದವು. ಎರಡನೆಯದಕ್ಕೆ ಅದು ನಾಲ್ಕೂ ಕಾಲು ಜೋಡಿಸಿ ಚಿಮ್ಮಿ, ಚೆಂಡಿನ ಹಾಗೆ ಪುಟಿಯುತ್ತ ಪುಟಿಯುತ್ತ ಕೊರಕಲಿನ ತಿರುವಿನಲ್ಲಿ ಮರೆಯಾಯಿತು. ಮೂರನೆಯದು, ನಾಲ್ಕನೆಯದು, ಮುಂದಿನವು ಬರಿಯ ಬಯಲಿಗೆ ಕೇಳಿದವು.

ಆರ್ಡಿಸ್ ರೈಫಲಿನಿಂದ ತೋಟಾ ಹೊರತೆಗೆದು ಕಿಸೆಗೆ ಹಾಕಿಕೊಂಡಳು. ಅಣ್ಣನನ್ನು ಎತ್ತಿ ಕೂರಿಸಿ ಗಿಡಕ್ಕೆ ಒರಗಿಸಿದಳು. ಇಬ್ಬರೂ ಎದುರಿನ ಇಳಿಜಾರನ್ನೇ ನೋಡಿದರು, ಅಲ್ಲಿ ಏನೋ ಇನ್ನೂ ನಿಂತಿರುವಂತೆ.

"ಕೇಳಿಸ್ತಲ್ಲ," ಎಂದ ಡೆಲ್ಮರ್ ಕೊನೆಗೆ. "ಅ​ದಕ್ಕೇ ಆರುನೂರು."

"ಯಾವುದಕ್ಕೆ?"

"ಇನ್ನೂರಕ್ಕೆ ಕೇಳ್ಸತ್ತೆ. ಮುನ್ನೂರಕ್ಕೂ ಕೇಳ್ಸತ್ತೆ. ಹೋದ್ ವರ್ಷ ನಾನೂರೈವತ್ತರಲ್ಲಿ ಅದು ತಲೆ ಎತ್ತಿದ್ದೇ ನನ್ ಕೆಮ್ಮಿಗೆ. ಗಾಬ್ರಿಗೆ ಎಳೆದ್ಬಿಟ್ಟೆ, ಹೊಟ್ಟೆಗ್ ಬಿತ್ತು. ಆರುನೂರು ಆದ್ರೆ ಗಾಳಿ ಯಾವ ಕಡೆಗಿದ್ರೂ ಕೇಳ್ಸಲ್ಲ. ನಾನು ಅಳೆದು ನೋಡಿದೀನಿ. ಬೇಸಿಗೇಲಿ, ಹೌಗೆನ್ ದನಗಳ್ ಮುಂದೆ."

"ನಾನು ಕಾಲು ಅಂದ್ಕೊಂಡಿದ್ದೆ."

"ಕಾಲಾಗಿದ್ರೆ ತೆವಳ್ಕೊಂಡ್ ಹೋಗ್ತಿದ್ದೆ."

ದನಗಳ ಮುಂದೆ ನಿಂತು ಕೆಮ್ಮಿ, ಹಿಂದೆ ಸರಿದು, ಮತ್ತೆ ಕೆಮ್ಮಿ, ಯಾವುದು ತಲೆ ಎತ್ತುತ್ತದೆಂದು ನೋಡುತ್ತ ಒಬ್ಬನೇ ಆ ಬಯಲಿನಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದ ಅಣ್ಣ ಅವಳ ಕಣ್ಣಿಗೆ ಕಟ್ಟಿದ. ಅವಳು ಕೇಳಿದ್ದ ಪ್ರಶ್ನೆಗೆ ಅವನು ಮೊದಲ ದಿನವೇ ನಿಜ ಹೇಳಿದ್ದ. ನಂಬದೆ ಇದ್ದವಳು ತಾನು.

"ನಾನು ಸುಳ್ಳು ಹೇಳ್ದೆ," ಎಂದಳು. "ಅದು ಏಳುನೂರ ಎಂಬತ್ತು ಇರ್ಲಿಲ್ಲ."

"ಗೊತ್ತು."

"ಏನ್ ಗೊತ್ತು?"

"ಆ ಬೇಲಿ ಮೂಲೆಯಿಂದ ಈ ದಿಬ್ಬದ ತನಕ ತಂತಿ ಎಳೆದಿದ್ದು ನಾನೂ ಅಪ್ಪನೂ. ಹೌಗೆನ್ನನ ಅಪ್ಪ ಇದ್ದಾಗ. ಐನೂರ್ ಎಂಬತ್ತು, ಒಂದೈದು ಹೆಚ್ಚುಕಮ್ಮಿ."

"ಮತ್ಯಾಕೋ ತಿರುಗಿಸ್ದೆ?"

ಡೆಲ್ಮರ್ ಕೈಗವಸು ಬಿಚ್ಚಿ ಮುಖ ಒರೆಸಿಕೊಂಡ. "ಅರ್ಧಕ್ಕೆ ನಿಲ್ಲಿಸ್ದೆ. ಆರ್ಡಿ ಅಂಕಿಯಲ್ಲಿ ಸುಳ್ ಹೇಳ್ತಾಳೆ ಅಂದ್ರೆ ನಾನು ಅಷ್ಟು ಕೆಟ್ಟಿದೀನಿ ಅಂತಾಯ್ತು ಅಂದ್ಕೊಂಡೆ. ಆಮೇಲೆ ತಿರುಗಿಸ್ದೆ."

"ಗುಂಡಿನ ತಪ್ಪಲ್ಲ ಡೆಲ್. ನೀನ್ ಮಲಗಿದ್ರೆ ಉಸಿರು..."

"ಅದೂ ಗೊತ್ತು. ತಟ್ಟೆಗೆ ಹೊಡ್ದ ಮೊದಲ್ನೇ ಶನಿವಾರವೇ."

"ಮೊದಲ್ನೇ ಶನಿವಾರ!" ಆರ್ಡಿಸ್ ಊದಿದ ಮಣಿಕಟ್ಟನ್ನು ಅವನ ಮೂಗಿನ ಹತ್ತಿರ ಹಿಡಿದಳು. "ನೂರ ನಲವತ್ತು ತೋಟಾ ಕಟ್ಟಿದೀನೋ ನಾನು. ಗುಂಡು ಹಗುರ ಅಂದೆ, ಮದ್ದು ಜಾಸ್ತಿ ಅಂದೆ, ಕೇಪು ಸರಿಯಿಲ್ಲ ಅಂದೆ. ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

ಅವನು ಬಿಚ್ಚಿದ ಕೈಗವಸನ್ನು ಮತ್ತೆ ತೊಟ್ಟುಕೊಂಡ. ಹೇಳಿದಾಗ ದನಿ ತೀರಾ ಸಣ್ಣದಾಗಿತ್ತು.

"ನೀನ್ ಏನಾದ್ರೂ ಮಾಡ್ತೀಯ ಅಂದ್ಕೊಂಡೆ."

ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಹಿಮದ ಮೇಲೆ ಬಿಸಿಲು ಬಂದು ಬಯಲು ಕಣ್ಣು ಕುಕ್ಕತೊಡಗಿತು. ಸ್ಯಾಂಡ್‌ವಿಚ್ ಬಿಚ್ಚಿದರು, ಟರ್ಕಿ ಒಣಗಿ ಹಗ್ಗವಾಗಿತ್ತು, ಆದರೂ ತಿಂದರು.

"ನಾಳೆ ಕೊನೇ ದಿನ," ಎಂದ ಡೆಲ್ಮರ್. "ನಿನ್ ಬೇಟೆ ಚೀಟಿ ಹಾಗೇ ಇದ್ಯಲ್ಲ."

"ಇದೆ."

"ನೀನ್ ಹೊಡಿ. ಆ ತಿರುವಿನ ತನಕ ನೀನ್ ಹೋಗ್ಬೋದು, ನೂರು ಗಜಕ್ಕೇ ಸಿಗತ್ತೆ. ಅದು ಅಲ್ಲೇ ಮಲಗತ್ತೆ, ನಂಗೊತ್ತು. ನಾನು ಗಾಡೀಲಿ ಕೂತಿರ್ತೀನಿ, ಕಿಟಕಿ ಏರಿಸ್ಕೊಂಡು."

"ನಂಗೆ ಸುಸ್ತಾಗಿದೆ ಡೆಲ್."

"ಗೊತ್ತು. ಒಂದಿನ."

ಅವಳು ಬಯಲು ನೋಡಿದಳು. "ನನ್ ರೈಫಲಿಗೆ ಒಂದು ತೋಟಾನೂ ಇಲ್ಲ. ಈ ವರ್ಷ ಕಟ್ಟಿದ್ದೆಲ್ಲಾ ನಿಂಗೇ ಹೋಯ್ತು."

"ಪೆಟ್ರೋಲ್ ಬಂಕಲ್ಲಿ ಮಾರ್ತಾನೆ, ತಗೋ."

"ಪೆಟ್ರೋಲ್ ಬಂಕಿನ ತೋಟಾ!"

"ಚಿಪ್ಸ್ ಪಕ್ಕ ಇಟ್ಟಿರ್ತಾನೆ."

"ನಮ್ಮಪ್ಪ ಗೋರಿಯಿಂದ ಎದ್ ಬರ್ತಾನೆ ಕಣೋ."

"ಬರ್ಲಿ, ಬೇಲಿಗೆ ತಂತಿ ಎಳಿಯೋಕೆ ಒಂದು ಆಳು ಬೇಕು ಅಂತಿದ್ದ ಹೌಗೆನ್."

ಡೆಲ್ಮರ್ ನಕ್ಕ. ನಗು ಕೆಮ್ಮಾಯಿತು. ಈ ಸಲ ಅವನು ತೋಳು ಬಾಯಿಗೆ ತರಲಿಲ್ಲ. ಬಾಯಿ ತೆರೆದು, ಮೊಣಕಾಲಿನ ಮೇಲೆ ಕೈಯೂರಿ, ಇಡೀ ಎದೆಯಿಂದ ಕೆಮ್ಮಿದ. ಅದು ಕೊರಕಲಿನ ಗೋಡೆಗೆ ಬಡಿದು ತಿರುಗಿ ಬಂತು. ಎಲ್ಲೋ ಒಂದು ಹಕ್ಕಿ ಎದ್ದು ಹಾರಿತು.

ಆರ್ಡಿಸ್ ಮುಚ್ಚಳದಲ್ಲಿ ಉಳಿದ ಕಾಫಿಯನ್ನು ಹಿಮಕ್ಕೆ ಚೆಲ್ಲಿದಳು. ಕೆಮ್ಮು ಮುಗಿದ ಮೇಲೆ ಎದ್ದು, ರೈಫಲನ್ನು ಹೆಗಲಿಗೇರಿಸಿ, ಇಳಿಯುವ ಹಾದಿಯಲ್ಲಿ ಅಣ್ಣ ಮೊದಲ ಹೆಜ್ಜೆ ಇಡಲೆಂದು ನಿಂತಳು.